ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ ಎಷ್ಟು ಹಳೇದು, ಈಗ ಏನೇನು ಸೌಲಭ್ಯ ಇದೆ?

ಸ್ಟೇಷನ್ ಇರೋದು ಕಾಡುಗೋಡಿಲಿ. ಇದೇ ದಾರೀಲಿ ಬೆಂಗಳೂರು ಕಂಟೋನ್ಮೆಂಟ್‌ನಿಂದ ಜೋಲಾರ್‌ಪೇಟೆಗೆ 1864ರಲ್ಲೇ ರೈಲು ಶುರುವಾಗಿತ್ತು, ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಜಮೀನು ಕೊಟ್ಟು ವೈಟ್‌ಫೀಲ್ಡ್ ಅನ್ನೋ ಊರು ಹುಟ್ಟಿದ್ದು 1882ರಲ್ಲಿ, ಅಂದ್ರೆ ಊರಿಗಿಂತ ಹಳಿನೇ ಹಳೇದು! ಆಮೇಲೆ ಇಲ್ಲೇ ಹತ್ರ ಕಂಟೇನರ್ ಡಿಪೋನೂ ಬಂತು.

ದಿನಾ ಓಡಾಡೋರಿಗೆ ಮುಖ್ಯ ಅಂದ್ರೆ ಬಂಗಾರಪೇಟೆ, ಮಾರಿಕುಪ್ಪಂ ಕಡೆ ಲೋಕಲ್ ಮೆಮು ರೈಲುಗಳು. ಸಂಜೆ ಕೆಜಿಎಫ್ ಕಡೆ ಹೋಗೋರು ಊಟದ ಡಬ್ಬಿ ಬ್ಯಾಗು ಎದೆಗೆ ಅವಚ್ಕೊಂಡು ಬಾಗಿಲ ಹತ್ರನೇ ನಿಂತಿರ್ತಾರೆ, ಸೀಟು ಸಿಕ್ಕೋದು ಕಷ್ಟ, ಇನ್ನೂ ರೈಲು ಜಾಸ್ತಿ ಬೇಕೇ ಬೇಕು. 2023ರ ಮಾರ್ಚಲ್ಲಿ ಪಕ್ಕದಲ್ಲೇ ಮೆಟ್ರೋ ಶುರುವಾಯ್ತು, ಅದೇ ಅಕ್ಟೋಬರ್‌ನಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಗಾಡಿ ಬದಲಾಯಿಸ್ದೆ ಹೋಗ್ಬಹುದು.