‘ಅಮ್ಮಾ, ನಿನ್ನದು ಎಂತ ಬರೀಲಿ?’

ಪ್ರಶ್ನೆ: ನನಗೆ 39 ವರ್ಷ. ಉಡುಪಿಯ ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ನಮ್ಮ ಮನೆಯವರಿಗೆ ಹಳೆ ನಾಣ್ಯದ ಹುಚ್ಚು. ಭಾವನಿಗೆ ಯಕ್ಷಗಾನದ್ದು, ಪ್ರಸಂಗದ ಪದ್ಯಗಳೆಲ್ಲ ಬಾಯಿಪಾಠ. ನನಗೆ ಹಾಗೆ ಯಾವುದೂ ಇಲ್ಲ. ಹಾರ್ಮೋನಿಯಂ ಎರಡು ವರ್ಷ ಕಲಿತೆ. ಹೊಲಿಗೆ ಬರುತ್ತದೆ. ಮಲ್ಲಿಗೆ ಬೆಳೆಸಿದ್ದೇನೆ, ಕಟ್ಟಲೂ ಬರುತ್ತದೆ. ಹಕ್ಕಿ ನೋಡುತ್ತೇನೆ. ತುಳು ಮನೆಮಾತು, ಬ್ಯಾರಿ, ಕೊಂಕಣಿ ಅಷ್ಟಿಷ್ಟು. ಅತ್ತೆಯಿಂದ ಗದ್ದೆ ಕೆಲಸದ ಹಳೆ ತುಳು ಶಬ್ದ ಕೇಳಿ ಬರೆದುಕೊಳ್ಳುತ್ತಿದ್ದೆ. ಅಣಬೆ ಬೆಳೆಯುವ ತರಬೇತಿ ಶುರುವಾದ ಮೇಲೆ ಅದೂ ಅರ್ಧಕ್ಕೆ ನಿಂತಿತು. ಮೊನ್ನೆ ಮಗಳು ಶಾಲೆಯ ಫಾರಂ ತುಂಬುತ್ತಿದ್ದಳು. ತಂದೆಯ ಹವ್ಯಾಸ: ನಾಣ್ಯ ಸಂಗ್ರಹ. ‘ಅಮ್ಮಾ, ನಿನ್ನದು ಎಂತ ಬರೀಲಿ?’ ಅಂದಳು. ನನಗೆ ಉತ್ತರ ಸಿಗಲಿಲ್ಲ. ಮನೆಯವರು ಅಂಚೆಚೀಟಿ ಆಲ್ಬಂ ತಂದುಕೊಟ್ಟು, ‘ಒಂದನ್ನು ಗಟ್ಟಿಯಾಗಿ ಹಿಡಿ ಮಾರಾಯ್ತಿ’ ಅಂದರು. ಮೂರು ತಿಂಗಳಲ್ಲಿ ನಾಲ್ಕು ಪುಟ ಅಂಟಿಸಿದ್ದೇನೆ. ಮನಸ್ಸೇ ಬರುವುದಿಲ್ಲ. ನನ್ನಲ್ಲೇ ಏನೋ ಕೊರತೆ ಉಂಟಾ?
— ಹೆಸರು ಬೇಡ, ಉಡುಪಿ

ಉತ್ತರ:

ಕೊರತೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ತಿಂಗಳಿಂದ ನೀವು ಆ ಆಲ್ಬಂ ಮುಂದೆ ಕೂತು ಅನುಭವಿಸಿದ ಬೇಸರ ಸಾಕು.

ನಿಮ್ಮ ಮನೆಯವರು ಪ್ರೀತಿಯಿಂದಲೇ ತಂದಿದ್ದಾರೆ. ತನಗೆ ಸಿಕ್ಕಿದ ಸುಖ ಹೆಂಡತಿಗೂ ಸಿಗಲಿ ಅನ್ನುವ ಆಸೆ ಅದು. ಆದರೆ ಹುಚ್ಚನ್ನು ಯಾರೂ ಅಂಗಡಿಯಿಂದ ತಂದುಕೊಡಲಾರರು, ಅಲ್ವಾ? ಅದು ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೀವು ನೋಡಿರಬೇಕು. ವಿಜಯನಾಥ ಶೆಣೈ ಅವರು ಬೀಳಲಿದ್ದ ಹಳೆ ಮನೆಗಳನ್ನು ಬಿಚ್ಚಿಸಿ ತಂದು, ಅಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಕಂಬ, ತೊಲೆ, ಬಾಗಿಲು ಎಲ್ಲ. ಆ ಹುಚ್ಚು ಇಲ್ಲದಿದ್ದರೆ ಆ ಮರವೆಲ್ಲ ಯಾರದೋ ಒಲೆಗೆ ಹೋಗುತ್ತಿತ್ತು. ಅಂಥವರನ್ನು ಕಂಡರೆ ನನಗೆ ತುಂಬ ಗೌರವ. ಆದರೆ ಊರಿನವರೆಲ್ಲ ಮನೆ ಬಿಚ್ಚಿ ತರುವವರೇ ಆಗಬೇಕಾಗಿಲ್ಲ.

ಈಗ ನಿಮ್ಮ ಕೌಂಟರ್ ವಿಷಯಕ್ಕೆ ಬನ್ನಿ. ಅದರ ಬಗ್ಗೆ ನೀವು ಒಂದೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಉಡುಪಿಯ ಕ್ಲಿನಿಕ್‌ಗೆ ಯಾರೆಲ್ಲ ಬರುತ್ತಾರೆ? ಮಲ್ಪೆಯಿಂದ ಮೀನು ಮಾರುವ ಹೆಂಗಸು ಬರುತ್ತಾರೆ, ತುಳು. ರಥಬೀದಿ ಕಡೆಯ ಅಜ್ಜಿ ಕೊಂಕಣಿ. ಬ್ಯಾರಿ ಮಾತಾಡುವ ತಾಯಿ, ಕೈಯಲ್ಲಿ ಜ್ವರದ ಮಗು. ಕುಂದಾಪುರದ ಕಡೆಯವರದ್ದು ಬೇರೆಯೇ ಕನ್ನಡ. ಎದೆ ಉರಿ ಬೇರೆ, ಎದೆ ನೋವು ಬೇರೆ ಅನ್ನುವುದನ್ನು ಅವರವರ ಮಾತಿನಲ್ಲೇ ಕೇಳಿ ತಿಳಿದು ಒಳಗೆ ಹೇಳಬೇಕು. ಆ ‘ಅಷ್ಟಿಷ್ಟು’ ಬ್ಯಾರಿ, ಕೊಂಕಣಿ ಅಲ್ಲಿ ಎಷ್ಟು ದೊಡ್ಡದು ಗೊತ್ತಾ? ಕೊಂಕಣಿಯಲ್ಲಿ ನೀವು ಕವಿತೆ ಬರೆಯಲಿಕ್ಕಿಲ್ಲ. ಆ ಅಜ್ಜಿಗೆ ಬೇಕಾದ್ದು ಕವಿತೆಯೂ ಅಲ್ಲ.

ಮನೆಯಲ್ಲೂ ಇದೇ ನಡೆಯುತ್ತಿರಬೇಕು ಅಂತ ನನ್ನ ಊಹೆ. ಪತಿ ಹಿಂದೆ ತುಳುನಾಡು ಆಳಿದ ಆಳುಪರ ಜೋಡಿ ಮೀನಿನ ನಾಣ್ಯದ ಕಥೆ ಹೇಳುವಾಗ, ಟಿಪ್ಪು ಕಾಲದ ಆನೆ ಪೈಸೆ ತೋರಿಸುವಾಗ ಎದುರಿಗೆ ಕೂತು ಸರಿಯಾದ ಪ್ರಶ್ನೆ ಕೇಳುವವರು ಯಾರು? ಭಾವ ಪದ್ಯ ಹೇಳುವಾಗ ಹಾರ್ಮೋನಿಯಂ ಕಲಿತ ಕಿವಿಯಲ್ಲಿ ಕೇಳುವವರು ಯಾರು? ಒಂದೇ ವಿಷಯದಲ್ಲಿ ಮುಳುಗಿದವರಿಗೆ ಇಂಥ ಒಬ್ಬರು ಬೇಕೇ ಬೇಕು. ಸುಮ್ನೆ ತಲೆಯಾಡಿಸುವವರು ಎಲ್ಲಿ ಬೇಕಾದರೂ ಸಿಗುತ್ತಾರೆ.

ಇಂಥ ಪತ್ರ ಬಂದಾಗ ನಮ್ಮ ಕಡೆ ಎಲ್ಲರೂ ಕೋಟದ ಶಿವರಾಮ ಕಾರಂತರನ್ನು ಕರೆತರುತ್ತಾರೆ. ಕಾದಂಬರಿ ಬರೆದರು, ಯಕ್ಷಗಾನದಲ್ಲಿ ಪ್ರಯೋಗ ಮಾಡಿದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದರು, ಪರಿಸರದ ಸಲುವಾಗಿ ಲೋಕಸಭೆ ಚುನಾವಣೆಗೂ ನಿಂತರು. ಅವರ ಹೆಸರು ಹೇಳಿ ನಿಮ್ಮ ಬೆನ್ನು ತಟ್ಟಲು ನನಗೆ ಮನಸ್ಸಿಲ್ಲ. ಅಷ್ಟು ದೊಡ್ಡವರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಆದರೆ ಅವರಿಂದ ಒಂದು ಮಾತ್ರ ತೆಗೆದುಕೊಳ್ಳೋಣ. ‘ಬಾಲಪ್ರಪಂಚ’ ಮೂರು ಸಂಪುಟದ ಕೆಲಸ. ಮೂರೂ ಸಂಪುಟ ಬಂದವು.

ಇಲ್ಲಿಗೆ ನಾನು ನಿಮ್ಮ ಮೇಲೆ ಸ್ವಲ್ಪ ಬೇಸರ ಮಾಡಿಕೊಳ್ಳಬೇಕು. ಹಾರ್ಮೋನಿಯಂ ಬಿಟ್ಟಿರಿ, ತೊಂದರೆ ಇಲ್ಲ. ಅದು ನಿಮ್ಮದು, ನಿಮಗೆ ಬೇಕಾದಾಗ ಪೆಟ್ಟಿಗೆ ತೆರೆಯಬಹುದು. ಹಕ್ಕಿ ನೋಡುವುದನ್ನು ಒಂದು ವರ್ಷ ಬಿಟ್ಟರೂ ಹಕ್ಕಿಗೆ ನಷ್ಟವಿಲ್ಲ. ಅಣಬೆ ಕಲಿಯಿರಿ, ಖಂಡಿತ ಕಲಿಯಿರಿ. ಆದರೆ ಅತ್ತೆಯ ಶಬ್ದದ ಪುಸ್ತಕ ಇವುಗಳ ಸಾಲಿಗೆ ಸೇರುವುದಿಲ್ಲ. ಅದನ್ನು ನೀವು ಒಬ್ಬರೇ ಶುರು ಮಾಡಿದ್ದಲ್ಲ. ಎದುರಿಗೆ ಇನ್ನೊಬ್ಬರು ಕೂತಿದ್ದರು. ಸೊಸೆ ಪೆನ್ನು ಹಿಡಿದು ಬಂದು ತನ್ನ ಗದ್ದೆಯ ಮಾತು ಕೇಳಿದಳು ಅಂತ ಅವರಿಗೆ ಎಷ್ಟು ಖುಷಿಯಾಗಿರಬಹುದು! ಒಂದು ದಿನ ಸೊಸೆ ಬರುವುದು ನಿಂತಿತು. ಅವರು ಏನೂ ಕೇಳಿರಲಿಕ್ಕಿಲ್ಲ. ನಮ್ಮ ಅತ್ತೆಯಂದಿರು ಅಂಥದ್ದನ್ನೆಲ್ಲ ಬಾಯಿಬಿಟ್ಟು ಕೇಳುವುದಿಲ್ಲ.

ಶಬ್ದದ ಮಟ್ಟಿಗೂ ಅದು ಸಣ್ಣ ಕೆಲಸವಲ್ಲ. ಬಾಸೆಲ್ ಮಿಷನ್‌ನ ಪಾದ್ರಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1886ರಲ್ಲೇ ಅಚ್ಚಾಯಿತು. ಆಮೇಲೆ ನಿಮ್ಮ ಉಡುಪಿಯದ್ದೇ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟದ ತುಳು ನಿಘಂಟು ತಂದಿತು, 1988ರಿಂದ 1997ರವರೆಗೆ. ಯು.ಪಿ. ಉಪಾಧ್ಯಾಯರಂಥ ವಿದ್ವಾಂಸರು ವರ್ಷಗಟ್ಟಲೆ ಕೂತು ಮಾಡಿದ ಕೆಲಸ. ಆದರೆ ಆ ಶಬ್ದಗಳು ಹುಟ್ಟಿದ್ದು ವಿದ್ವಾಂಸರ ಮೇಜಿನ ಮೇಲಲ್ಲ. ನೇಜಿ (ಭತ್ತದ ಸಸಿ) ನೆಟ್ಟವರ, ಮುಡಿ (ಬೈಹುಲ್ಲಿನ ಅಕ್ಕಿ ಮೂಟೆ) ಕಟ್ಟಿದವರ ಬಾಯಲ್ಲಿ. ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆಯ ಹೆಸರು ಇವತ್ತಿನ ಎಷ್ಟು ಮಕ್ಕಳಿಗೆ ಗೊತ್ತು? ನಿಮ್ಮ ಮಗಳಿಗೆ ಗೊತ್ತಾ? ಗದ್ದೆಯೇ ಇಲ್ಲದ ಮೇಲೆ ಗದ್ದೆಯ ಮಾತನ್ನು ಯಾರು ಆಡಬೇಕು?

ಇದಕ್ಕಾಗಿ ನೀವು ತುಳು ತಜ್ಞೆ ಆಗಬೇಕಾಗಿಲ್ಲ. ನಿಘಂಟು ಮಾಡಲೂ ನಾನು ಹೇಳುತ್ತಿಲ್ಲ. ಒಂದು ನೋಟ್‌ಬುಕ್ ತುಂಬಿದರೆ ಸಾಕು. ಅಲ್ಲಿ ನಿಮ್ಮ ಉಳಿದ ಅರೆಬರೆ ವಿದ್ಯೆಗಳೂ ಕೆಲಸಕ್ಕೆ ಬರುತ್ತವೆ ನೋಡಿ. ಅತ್ತೆ ಒಂದು ಹಕ್ಕಿಯ ತುಳು ಹೆಸರು ಹೇಳಿದರೆ ಅದು ಯಾವ ಹಕ್ಕಿ ಅಂತ ಗುರುತಿಸುವವರು ನೀವೇ. ನಾಟಿಯ ಹಾಡು ನೆನಪಾದರೆ ಅದರ ಧಾಟಿ ಹಿಡಿಯುವವರೂ ನೀವೇ. ಮಲ್ಲಿಗೆ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅನ್ನುವ ಲೆಕ್ಕ ನಿಮಗೆ ಕೈಯಲ್ಲೇ ಗೊತ್ತು. ಹಾಗಾಗಿ ಸೇರು, ಕಳಸೆ, ಮುಡಿ ಅನ್ನುವ ಹಳೆ ಅಳತೆಯ ಲೆಕ್ಕ ಹೇಗೆ ಕೇಳಬೇಕು ಅನ್ನುವುದೂ ಗೊತ್ತು. ಬರೀ ಭಾಷೆ ಓದಿದವರಿಗೆ ಈ ಪ್ರಶ್ನೆಗಳು ಹೊಳೆಯುವುದು ಕಷ್ಟ.

ಆಲ್ಬಂ ಅನ್ನು ಮನೆಯವರಿಗೆ ವಾಪಸ್ ಕೊಡಿ. ‘ನೀವು ತಂದುಕೊಟ್ಟದ್ದು ಖುಷಿಯಾಯಿತು, ಆದರೆ ಇದು ನನ್ನದಲ್ಲ’ ಅಂತ ನೇರವಾಗಿ ಹೇಳಿ. ಸುಳ್ಳು ಕಾರಣ ಬೇಡ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಫಾರಂ ನೋಡಿ. ಜಾಗ ಚಿಕ್ಕದಿದ್ದರೆ ಅಕ್ಷರ ಚಿಕ್ಕದು ಮಾಡಿ: ಹೊಲಿಗೆ, ಹಕ್ಕಿ, ಮಲ್ಲಿಗೆ, ಹಾರ್ಮೋನಿಯಂ, ಅಣಬೆ, ಅಜ್ಜಿಯ ತುಳು ಶಬ್ದ. ಎಲ್ಲ ನಿಜವೇ ತಾನೆ?

ಕೊನೆಯದನ್ನು ನಿಜ ಮಾಡಲು ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನೋಟ್‌ಬುಕ್ ತೆಗೆದುಕೊಂಡು ಅತ್ತೆಯ ಹತ್ತಿರ ಹೋಗಿ. ಮಗಳನ್ನೂ ಕರೆದುಕೊಳ್ಳಿ. ಎಲ್ಲಿಗೆ ನಿಲ್ಲಿಸಿದ್ದಿರೋ ಆ ಶಬ್ದವನ್ನೇ ಮೊದಲು ಓದಿ ಹೇಳಿ. ಅವರಿಗೆ ನೆನಪಿರುತ್ತದೆ.