ಸ್ವಂತ ಜಮೀನಿನ ಮರ ಕಡಿಯುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಜಮೀನಿನ ಬದುವಿನಲ್ಲಿ ತಂದೆ ನೆಟ್ಟ ಸಾಗುವಾನಿ ಮರಗಳಿವೆ. ಮನೆ ಕಟ್ಟಲು ನಾಲ್ಕು ಮರ ಬೇಕು. ಪಹಣಿ ನನ್ನ ಹೆಸರಿನಲ್ಲೇ ಇದೆ. ಆದರೂ ಅನುಮತಿ ಬೇಕೆ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಬೇಕು. ಇಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ: ಮರ ಯಾರದು, ಅದನ್ನು ಕಡಿಯಬಹುದೇ, ಕಡಿದ ನಾಟಾ ಸಾಗಿಸಬಹುದೇ. ಒಂದಕ್ಕೆ ಹೌದು ಎಂಬ ಉತ್ತರ ಸಿಕ್ಕರೆ ಉಳಿದೆರಡಕ್ಕೂ ಸಿಕ್ಕಿತು ಎಂದುಕೊಂಡೇ ಬಹಳಷ್ಟು ರೈತರು ಸಿಕ್ಕಿಬೀಳುತ್ತಾರೆ.

ಮೊದಲು ಮಾಲ್ಕಿ ನೋಡಿಕೊಳ್ಳಿ. ಪಿತ್ರಾರ್ಜಿತ ಹಿಡುವಳಿಯಲ್ಲಿ ನೀವೇ ಬೆಳೆಸಿದ ಮರಕ್ಕೆ ಸಾಮಾನ್ಯವಾಗಿ ತಕರಾರಿರುವುದಿಲ್ಲ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಮಂಜೂರಾತಿ ಆದೇಶದ ಷರತ್ತು ಓದಲೇಬೇಕು. ಮಂಜೂರಾದಾಗಲೇ ಇದ್ದ ಮರಗಳ ಹಕ್ಕನ್ನು ಸರ್ಕಾರ ತನ್ನಲ್ಲೇ ಉಳಿಸಿಕೊಂಡಿದ್ದರೆ ಮರದ ಬೆಲೆ ಕಟ್ಟದೆ ಅವು ನಿಮ್ಮದಾಗವು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ.

ಎರಡನೆಯದು ಕಡಿಯುವ ಅನುಮತಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ 8ನೇ ಸೆಕ್ಷನ್ ಪ್ರಕಾರ ವೃಕ್ಷಾಧಿಕಾರಿಗೆ, ಅಂದರೆ ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿಗೆ, ಲಿಖಿತ ಅರ್ಜಿ ಕೊಡಬೇಕು. ಹಳ್ಳಿಗಳಲ್ಲಿ ಅರ್ಜಿಯ ಓಡಾಟ ಶುರುವಾಗುವುದು ವಲಯ ಅರಣ್ಯಾಧಿಕಾರಿಯ ಕಚೇರಿಯಿಂದ. ಚಾಲ್ತಿ ಪಹಣಿ, ಸರ್ವೆ ನಕಾಶೆ, ಗುರುತಿನ ಚೀಟಿ, ಮರಗಳ ಜಾತಿ ಮತ್ತು ಸಂಖ್ಯೆಯ ಪಟ್ಟಿ ಲಗತ್ತಿಸಿ. ಖಾತೆ ಜಂಟಿಯಾಗಿದ್ದರೆ ಎಲ್ಲರ ಒಪ್ಪಿಗೆ ಪತ್ರ ಬೇಕು. ನಿಮ್ಮ ಮರಗಳು ಬದುವಿನಲ್ಲಿವೆ ಎಂದಿದ್ದೀರಿ. ಅರ್ಜಿಗಳು ಹೆಚ್ಚಾಗಿ ನಿಂತುಹೋಗುವುದು ಇಲ್ಲೇ: ಪಕ್ಕದವರು ತಕರಾರು ತೆಗೆದರೆ ಅಥವಾ ಬದುವಿನಾಚೆ ಅರಣ್ಯದ ಗಡಿಯಿದ್ದರೆ ಹದ್ದುಬಸ್ತು (ಸರ್ವೆ ಮಾಡಿ ಗಡಿ ಗುರುತಿಸುವುದು) ಆಗುವವರೆಗೆ ಕಡತ ಕದಲುವುದಿಲ್ಲ. ಆದ್ದರಿಂದ ಮೊದಲೇ ಹದ್ದುಬಸ್ತಿಗೆ ಅರ್ಜಿ ಹಾಕಿ, ಅಳತೆ ಮುಗಿದ ಮೇಲೆ ಮರದ ಅರ್ಜಿ ಕೊಡುವುದು ಒಳ್ಳೆಯದು.

ಅರಣ್ಯ ಸಿಬ್ಬಂದಿ ಸ್ಥಳಕ್ಕೆ ಬಂದು ಪ್ರತಿ ಮರಕ್ಕೂ ಸಂಖ್ಯೆ ಹಾಕಿ, ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯುತ್ತಾರೆ. ಆ ಹೊತ್ತಿಗೆ ನೀವೂ ಎದುರಿಗಿದ್ದು ಪಟ್ಟಿಯನ್ನು ತಾಳೆ ನೋಡಿ. ಕಡಿದ ಮೇಲೆ ನಾಟಾದ ಲೆಕ್ಕ ಈ ಪಟ್ಟಿಗೆ ಹೊಂದದಿದ್ದರೆ ಜವಾಬ್ದಾರಿ ನಿಮ್ಮದೇ.

ಒಣಗಿದ, ರೋಗ ಹಿಡಿದ, ಗಾಳಿಗೆ ಬಿದ್ದ, ಜೀವ ಅಥವಾ ಆಸ್ತಿಗೆ ಅಪಾಯವಿರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ. ಬಲಿತು ಕಟಾವಿಗೆ ಬಂದ ಮರಕ್ಕೂ ಹಾಗೆಯೇ, ಅದು ಕಡಿದಾದ ಇಳಿಜಾರಿನಲ್ಲಿ ಇರಬಾರದು ಅಷ್ಟೆ. ಗ್ರಾಮೀಣ ಪ್ರದೇಶದಲ್ಲಿ ಸೌದೆ, ಮೇವು, ಕೃಷಿ ಉಪಕರಣ ಅಥವಾ ಗೃಹಬಳಕೆಯ ನಿಜವಾದ ಅಗತ್ಯವೂ ಇದೇ ಪಟ್ಟಿಯಲ್ಲಿದೆ. ಅರ್ಜಿಯಲ್ಲಿ 'ಮನೆ ಕಟ್ಟಲು' ಎಂದು ಸ್ಪಷ್ಟವಾಗಿ ಬರೆಯಿರಿ. 'ಸ್ವಂತ ಕೆಲಸಕ್ಕೆ' ಎಂಬ ಮೊಗಮ್ಮಾದ ಮಾತು ಬೇಡ.

ಅರ್ಜಿ ತಲುಪಿದ 60 ದಿನಗಳೊಳಗೆ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಕಾಯ್ದೆ ಭಾವಿಸುತ್ತದೆ. ಇದನ್ನು ನೆಚ್ಚಿಕೊಂಡು 61ನೇ ದಿನ ಗರಗಸ ಹಚ್ಚಬೇಡಿ. ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿ ಇಲ್ಲದಿದ್ದರೆ ಆ ಗಡುವನ್ನು ಸಾಬೀತು ಮಾಡಲಾಗದು. ಸ್ವೀಕೃತಿ ಇದ್ದರೂ ಸಾಗಣೆಗೆ ರಹದಾರಿ ಬೇಕೇ ಬೇಕು, ಮತ್ತು ಅದನ್ನು ಕೊಡುವುದೂ ಅದೇ ಇಲಾಖೆ. ಗಡುವು ಮುಗಿದಿರುವುದನ್ನು ನೋಂದಾಯಿತ ಅಂಚೆಯಲ್ಲಿ ತಿಳಿಸಿ, ಉತ್ತರ ಪಡೆದು ಮುಂದುವರಿಯಿರಿ. ಅನುಮತಿಯ ಜೊತೆ ಬದಲಿ ಸಸಿ ನೆಡುವ ಷರತ್ತಿದ್ದರೆ ನೆಟ್ಟ ಸಸಿಯ ಫೋಟೊ ಇಟ್ಟುಕೊಳ್ಳಿ. ಮನೆ ಅದೇ ಸರ್ವೆ ನಂಬರಿನಲ್ಲಿದ್ದರೆ ಸಾಗಣೆಯ ತೊಡಕು ಕಡಿಮೆ. ನಾಟಾ ಕೊಯ್ಯುವ ಮಿಲ್ಲಿಗೆ ಹೋಗಬೇಕಾದರೆ ರಹದಾರಿಯಿಲ್ಲದೆ ಲಾರಿ ರಸ್ತೆಗೆ ಇಳಿಯಬಾರದು. ಇಳಿದರೆ ಮರದ ಜೊತೆ ವಾಹನವೂ ಜಪ್ತಿಯಾಗುತ್ತದೆ.

ಪ್ರಶ್ನೆ: ಪಕ್ಕದ ನಿವೇಶನದ ಮಳೆಮರದ ಕೊಂಬೆಗಳು ನಮ್ಮ ತಾರಸಿಯ ಮೇಲೆ ಚಾಚಿವೆ. ನಮ್ಮ ಕಡೆ ಬಂದದ್ದನ್ನು ನಾವೇ ಕಡಿಯಬಹುದೇ? (ಮೈಸೂರಿನ ಓದುಗರು)

ಉತ್ತರ: ನಿಮ್ಮ ಗಡಿ ದಾಟಿದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸುವ ಹಕ್ಕು ನಿಮಗಿದೆ ಎಂಬುದು ನ್ಯಾಯಾಲಯಗಳು ಒಪ್ಪಿದ ಹಳೆಯ ತತ್ವ. ಆದರೆ ಪಕ್ಕದವರ ಅಂಗಳಕ್ಕೆ ಕಾಲಿಡುವಂತಿಲ್ಲ, ಕತ್ತರಿಸಿದ ಕಟ್ಟಿಗೆಯೂ ನಿಮ್ಮದಲ್ಲ. ಇನ್ನೊಂದು ತೊಡಕೆಂದರೆ 1976ರ ಕಾಯ್ದೆಯಲ್ಲಿ ಮರ ಕಡಿಯುವುದು ಎಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ಕೊಂಬೆ ಸವರುವುದು, ತೊಗಟೆಯನ್ನು ಉಂಗುರವಾಗಿ ಕೆತ್ತುವುದು, ಬುಡಕ್ಕೆ ರಾಸಾಯನಿಕ ಸುರಿಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಹಾಗಾಗಿ ನೆರೆಯವರು ಒಪ್ಪಿದರೂ ವೃಕ್ಷಾಧಿಕಾರಿಗೆ ಫೋಟೊ ಸಹಿತ ಅರ್ಜಿ ಕೊಟ್ಟೇ ಮುಂದುವರಿಯಿರಿ. ಒಂದೇ ಬದಿಯ ದಪ್ಪ ಕೊಂಬೆಗಳನ್ನೆಲ್ಲ ತೆಗೆದರೆ ಮರದ ಭಾರ ಇನ್ನೊಂದು ಬದಿಗೆ ವಾಲಿ ಮಳೆಗಾಲದಲ್ಲಿ ಬುಡಸಮೇತ ಉರುಳಬಹುದು. ಯಾವ ಕೊಂಬೆ, ಎಲ್ಲಿಯವರೆಗೆ ಎಂಬುದನ್ನು ಬಲ್ಲವರೇ ಗುರುತು ಮಾಡಲಿ.

ಮರ ಬೀಳುವ ಸ್ಥಿತಿಯಲ್ಲಿದ್ದು ನೆರೆಯವರು ಕಿವಿಗೊಡದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 152ನೇ ಸೆಕ್ಷನ್ ಅಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ದೂರು ಕೊಡಬಹುದು. ಬಿದ್ದು ಜನರಿಗೆ ಗಾಯ ಮಾಡುವಂತಿರುವ ಮರವನ್ನು ತೆಗೆಸಲು ಅಥವಾ ಆಧಾರ ಕೊಡಿಸಲು ಅವರು ಆದೇಶಿಸಬಲ್ಲರು. ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ನೀವು ಮುಟ್ಟಲೇಬೇಡಿ, 1912ಕ್ಕೆ ಕರೆ ಮಾಡಿ.

ಪ್ರಶ್ನೆ: ಕಾಫಿ ತೋಟದ ಸಿಲ್ವರ್ ಓಕ್‌ಗೂ ಅನುಮತಿ ಬೇಕೇ? (ಸೋಮವಾರಪೇಟೆ)

ಉತ್ತರ: ಕಡಿಯಲು ಬೇಡ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಸುಬಾಬುಲ್, ರಬ್ಬರ್, ತೆಂಗು 8ನೇ ಸೆಕ್ಷನ್‌ನಿಂದ ಹೊರಗಿವೆ. ಸಾಗಣೆಯ ವಿಷಯವನ್ನು ವಲಯ ಕಚೇರಿಯಲ್ಲಿ ಬೇರೆಯಾಗಿಯೇ ಕೇಳಿ. ನಿಮ್ಮದು ಅನ್‌ರಿಡೀಮ್ಡ್ ಜಾಗವಾದರೆ, ಅಂದರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಹಕ್ಕು ಬಿಡಿಸಿಕೊಳ್ಳದ ಜಮೀನಾದರೆ, ಅಲ್ಲಿನ ಕಾಡುಮರಗಳ ಪ್ರಶ್ನೆಯೇ ಬೇರೆ. ಬೀಟೆ, ತೇಗದಂಥವುಗಳ ಹಕ್ಕು ಇತ್ಯರ್ಥವಾಗದೆ ಅವನ್ನು ಮುಟ್ಟಬಾರದು.

ಪ್ರಶ್ನೆ: ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧದ ಮರ ಯಾರದು? (ಅರಸೀಕೆರೆ)

ಉತ್ತರ: ನಿಮ್ಮದೇ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ ಹಿಡುವಳಿಯ ಗಂಧದ ಮರದ ಹಕ್ಕು ಹಿಡುವಳಿದಾರನಿಗೆ ಬಂದಿದೆ. ಆದರೆ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಬೇರಿನಲ್ಲೂ ಎಣ್ಣೆಯಿರುವುದರಿಂದ ಗಂಧವನ್ನು ಕಡಿಯುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ. ಈಗಲೇ ಗ್ರಾಮ ಆಡಳಿತಾಧಿಕಾರಿಗೆ ಮನವಿ ಕೊಟ್ಟು ಪಹಣಿಯಲ್ಲಿ ಮರಗಳ ಸಂಖ್ಯೆ ನಮೂದಿಸಿಕೊಳ್ಳಿ. ಕಳ್ಳರು ಕಡಿದೊಯ್ದರೆ ಅದೇ ದಿನ ಪೊಲೀಸರಿಗೂ ಅರಣ್ಯ ಕಚೇರಿಗೂ ದೂರು ಕೊಡಿ. ದಾಖಲೆಯೂ ದೂರೂ ಇಲ್ಲದೆ ಬರೀ ಬುಡ ಉಳಿದಿದ್ದರೆ ಮೊದಲ ಅನುಮಾನ ಜಮೀನಿನವರ ಮೇಲೆಯೇ ಬರುತ್ತದೆ.