ಪಾಲಿಗೆ ಟ್ಯಾಪಿಂಗ್ ಕೊಡುವ ಮೊದಲು: ಮಲಯ ಹಳ್ಳಿಯಲ್ಲಿ ನಾನು ಕಂಡ ಲೆಕ್ಕ

ಸುಳ್ಯದ ಅಣ್ಣನಿಗೆ ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಎರಡು ಎಕರೆ ರಬ್ಬರ್, 400 ಮರ, ಟ್ಯಾಪಿಂಗ್‌ಗೆ, ಅಂದರೆ ಸಿಪ್ಪೆ ಕಡಿದು ಹಾಲು ಇಳಿಸುವುದಕ್ಕೆ, ಜನ ಸಿಗುತ್ತಿಲ್ಲ. ಜಾಗ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲೇ ಇದೆ, ಒಡಹುಟ್ಟಿದವರು ಐದು ಜನ. ಮಲೇಷ್ಯಾದಲ್ಲಿರುವ ನಿಮ್ಮ ಭಾವ "ಇಲ್ಲಿ ಹಳ್ಳಿಯವರು ತೋಟವನ್ನು ಅರ್ಧ ಪಾಲಿಗೆ ಕೊಟ್ಟು ಆರಾಮ ಇದ್ದಾರೆ, ನೀನೂ ಹಾಗೇ ಮಾಡು, ಬೇಕಾದರೆ ಇಲ್ಲೇ ಎರಡು ಎಕರೆ ತೆಗೆಯೋಣ" ಅಂದಿದ್ದಾರೆ. ಇದು ಸರಿಯಾ ಅಂತ ಕೇಳಿದ್ದೀರಿ.

ನಾನು ಒಂಬತ್ತು ವರ್ಷ ಮಲೇಷ್ಯಾದ ನೆಗ್ರಿ ಸೆಂಬಿಲಾನ್ ರಾಜ್ಯದಲ್ಲಿದ್ದೆ. ಕ್ವಾಲಾ ಪಿಲಾ ಪೇಟೆಯಿಂದ ಒಳಗೆ, ಒಂದು ತಾಳೆ ಎಣ್ಣೆ ಮಿಲ್ಲಿನಲ್ಲಿ ಬಾಯ್ಲರ್ ಕೆಲಸ. ವಾಸ ಮಾತ್ರ ಪಕ್ಕದ ಮಲಯ ಹಳ್ಳಿಯಲ್ಲಿ, ಬಾಡಿಗೆ ಮನೆ. ಬೆಳ್ತಂಗಡಿ ಕಡೆಯವನಾದ್ದರಿಂದ ರಬ್ಬರ್, ಗದ್ದೆ ಅಂದರೆ ಕಣ್ಣು ಅಲ್ಲೇ ಹೋಗುತ್ತಿತ್ತು. ಕಂಡದ್ದನ್ನು ಹೇಳ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಜಾಗ ಕೊಳ್ಳುವ ಮಾತು. ಅದು ಆಗುವ ಕೆಲಸ ಅಲ್ಲ. 1910ರ ಆಸುಪಾಸು ರಬ್ಬರಿಗೆ ಭಾರೀ ಬೆಲೆ ಬಂದಾಗ ಹಳ್ಳಿಯ ಮಲಯರು ತಮ್ಮ ಜಾಗ ಹೊರಗಿನವರಿಗೆ ಮಾರತೊಡಗಿದ್ದರು. ಅದನ್ನು ತಡೆಯಲು ಬ್ರಿಟಿಷರ ಕಾಲದಲ್ಲೇ, 1913ರಲ್ಲಿ, ಮಲಯ ಮೀಸಲು ಜಾಗದ ಕಾನೂನು ಬಂತು. ಮೀಸಲಿನ ಗಡಿಯೊಳಗಿನ ಜಾಗವನ್ನು ಮಲಯರಲ್ಲದವರಿಗೆ ಮಾರುವ ಹಾಗಿಲ್ಲ, ಲೀಸಿಗೆ ಕೊಡುವ ಹಾಗೂ ಇಲ್ಲ. ತಲೆಮಾರುಗಳಿಂದ ಅಲ್ಲೇ ಇರುವ ತಮಿಳರಿಗೂ ಚೀನೀಯರಿಗೂ ಸಿಗುವುದಿಲ್ಲ. ಮೀಸಲಿನ ಹೊರಗೂ ವಿದೇಶದವರು ಜಾಗ ತೆಗೆಯಬೇಕಾದರೆ ಅಲ್ಲಿನ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. "ಹೆಸರು ಅವನದ್ದು, ದುಡ್ಡು ನಿಮ್ಮದು" ಅಂತ ಯಾರಾದರೂ ದಾರಿ ತೋರಿಸಿದರೆ ದಯವಿಟ್ಟು ಆ ಕಡೆ ತಲೆ ಹಾಕಬೇಡಿ. ದುಡ್ಡು ಹೋದರೆ ಕೇಳುವುದಕ್ಕೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಈಗ ಆ ಹಳ್ಳಿ ಬದುಕುವ ರೀತಿ. ನೋಡಿದ ಕೂಡಲೇ ನಮ್ಮೂರೇ ಅನಿಸುತ್ತದೆ. ಕೆಳಗೆ ಬೈಲಿನಲ್ಲಿ ಗದ್ದೆ. ಗದ್ದೆಯ ಅಂಚಿನಲ್ಲಿ, ಬೆಟ್ಟು ಜಾಗದಲ್ಲಿ ಸಾಲಾಗಿ ಮನೆಗಳು. ಮನೆ ಹಿಂದೆ ಡುರಿಯನ್, ರಂಬುಟಾನ್, ಮ್ಯಾಂಗೋಸ್ಟೀನ್, ತೆಂಗು ಎಲ್ಲ ಒಟ್ಟಿಗೆ ಬೆಳೆದ ಹಣ್ಣಿನ ತೋಟ. ಅದಕ್ಕೆ ಅವರು ದುಸುನ್ ಅನ್ನುತ್ತಾರೆ. ಮೇಲೆ ಗುಡ್ಡೆಯಲ್ಲಿ ರಬ್ಬರ್. ಮನೆಗಳು ಕಂಬದ ಮೇಲೆ ನಿಂತ ಮರದ ಮನೆಗಳು, ಅಡುಗೆಮನೆ ಹಿಂಬದಿಗೆ. ಹಳೆಯ ಕಾಲದಲ್ಲಿ ಮನೆಯ ಜಾಗ ಬದಲಿಸಬೇಕಾದರೆ ಊರಿನವರೆಲ್ಲ ಸೇರಿ ಕಂಬ ಸಮೇತ ಹೆಗಲ ಮೇಲೆ ಹೊತ್ತು ಆಚೆ ಇಡುತ್ತಿದ್ದರು. ಅಂದರೆ ಮನೆ ಒಬ್ಬರದ್ದು, ಅದರ ಅಡಿಯ ಜಾಗ ಇನ್ನೊಬ್ಬರದ್ದು ಆಗಿರಬಹುದು. ಅಲ್ಲಿನ ಆಸ್ತಿ ಅರ್ಥ ಆಗಬೇಕಾದರೆ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಮನೆ ಬೇರೆ, ಜಾಗ ಬೇರೆ, ಕೆಲವು ಕಡೆ ಮರವೂ ಬೇರೆ.

ನಾನಿದ್ದ ಮನೆಯ ಒಡತಿಯನ್ನು ಮಕ್‌ಚಿಕ್ ಅಂತ ಕರೆಯುತ್ತಿದ್ದೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಮನೆಯಡಿಯ ಜಾಗ, ಎದುರಿನ ಗದ್ದೆ ಎರಡೂ ಅವರದ್ದೇ, ಅವರ ತಾಯಿಯಿಂದ ಬಂದದ್ದು. ಗಂಡ ಮದುವೆಯಾಗಿ ಆ ಮನೆಗೆ ಬಂದವರು. ನೆಗ್ರಿ ಸೆಂಬಿಲಾನ್‌ನವರ ಮೂಲ ಇಂಡೋನೇಷ್ಯಾದ ಸುಮಾತ್ರಾದ ಮಿನಾಂಗ್‌ಕಬಾವ್ ಜನ. ಅವರ ಕಟ್ಟಿಗೆ, ಅಂದರೆ ಹಿಂದಿನಿಂದ ಬಂದ ಪದ್ಧತಿಗೆ, ಅದತ್ ಪೆರ್ಪಾತಿಹ್ ಅನ್ನುತ್ತಾರೆ. ಹಿರಿಯರ ಆಸ್ತಿ ತಾಯಿಯಿಂದ ಮಗಳಿಗೆ. ಕುಲಕ್ಕೆ ಸುಕು ಅಂತ ಹೆಸರು, ಅಂಥವು 12 ಇವೆ. ಇದು ಕಟ್ಟಿನ ಜಾಗ ಅಂತ ಹಕ್ಕುಪತ್ರದಲ್ಲೇ ಬರೆದಿರುತ್ತದೆ. 1909ರಲ್ಲೇ ಇದಕ್ಕೆ ಕಾನೂನು ಆಗಿತ್ತು. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ನಮ್ಮ ತುಳುನಾಡಿನ ಅಳಿಯಕಟ್ಟು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸ. ನಮ್ಮಲ್ಲಿ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು. ಅಲ್ಲಿ ಜಾಗ ಹೆಂಗಸಿನ ಹೆಸರಿನಲ್ಲೇ ದಾಖಲೆಯಾಗುತ್ತದೆ. 1951ರಲ್ಲಿ ಅದೇ ರಾಜ್ಯದ ರೆಂಬಾವ್ ಕಡೆ ಈ ಆಸ್ತಿಗೂ ಷರಿಯತ್ ಪ್ರಕಾರ ಪಾಲಾಗಬೇಕು ಎಂಬ ಒತ್ತಾಯ ಬಂದಾಗ, ಅದಕ್ಕೆ ಒಪ್ಪುವ ಗಂಡ ನಮಗೆ ಬೇಡ ಅಂತ ಹೆಂಗಸರೇ ವಿಚ್ಛೇದನದ ಮಾತೆತ್ತಿದ್ದರು. ಕಟ್ಟು ಉಳಿಯಿತು.

ಆದರೆ ಗುಡ್ಡೆಯ ರಬ್ಬರ್ ಈ ಕಟ್ಟಿನದ್ದಲ್ಲ. ಗಂಡ ಹೆಂಡತಿ ದುಡಿದು ಮಾಡಿದ್ದು. ಅವರಲ್ಲಿ ಒಂದು ಮಾತಿದೆ: ದುಡಿದದ್ದು ಹಂಚು, ಹೆಂಡತಿಯದ್ದು ಅಲ್ಲೇ ಬಿಡು, ಗಂಡ ತಂದದ್ದು ಹಿಂದಕ್ಕೆ ಕೊಡು. ಮದುವೆ ಮುರಿದರೆ ಲೆಕ್ಕ ಇಷ್ಟೇ. ಇಷ್ಟು ಚಂದದ ಲೆಕ್ಕ ನಾನು ಬೇರೆಲ್ಲೂ ನೋಡಿಲ್ಲ.

ಇನ್ನು ಪಾಲಿನ ವಿಷಯ. ಅರ್ಧ ಪಾಲಿಗೆ ಅವರು ಬಾಗಿ ದುವಾ ಅನ್ನುತ್ತಾರೆ, ಎರಡಾಗಿ ಹಂಚು ಅಂತ ಅರ್ಥ: ಮಾರಿ ಬಂದದ್ದರಲ್ಲಿ ಅರ್ಧ ಟ್ಯಾಪರಿಗೆ, ಅರ್ಧ ತೋಟದವರಿಗೆ. ಮಕ್‌ಚಿಕ್ ಗಂಡನಿಗೆ ಬೆನ್ನುನೋವು ಶುರುವಾದ ಮೇಲೆ ತೋಟವನ್ನು ಪಕ್ಕದ ಮನೆಯ ಹುಡುಗನಿಗೆ ಹೀಗೇ ಕೊಟ್ಟರು. ಬೆಳಗ್ಗೆ ಐದೂವರೆಗೆ ಅವನು ತಲೆಗೆ ಲೈಟು ಕಟ್ಟಿಕೊಂಡು ಗುಡ್ಡೆ ಹತ್ತುತ್ತಿದ್ದ. ರಜೆಯಲ್ಲಿ ನಾನೂ ಹಿಂದೆ ಹೋಗುತ್ತಿದ್ದೆ. ಮರದ ಹತ್ತಿರ ನಿಂತು ಮೊದಲು ಹಳೆಯ ಕಡಿತದಲ್ಲಿ ಒಣಗಿ ಅಂಟಿದ ರಬ್ಬರಿನ ದಾರವನ್ನು ಉಗುರಿನಿಂದ ಎಬ್ಬಿಸಿ, ಒಂದೇ ಎಳೆತಕ್ಕೆ ಎಳೆದು, ಸೊಂಟದ ಚೀಲಕ್ಕೆ ಹಾಕುವುದು. ಆಮೇಲೆ ಕತ್ತಿ. ಸರಕ್ ಸರಕ್ ಅಂತ ನಾಲ್ಕೈದು ಸಲ ಎಳೆದರೆ ಮುಗಿಯಿತು. ಕೆಳಗೆ ಬಿದ್ದ ಸಿಪ್ಪೆ ಎತ್ತಿ ಬೆರಳಲ್ಲಿ ಹಿಡಿದು ನನಗೆ ತೋರಿಸಿದ. ಆಚೆ ಬೆಳಕು ಕಾಣುವಷ್ಟು ತೆಳು. "ಇದು ದಪ್ಪ ಆದರೆ ಮಕ್‌ಚಿಕ್‌ದೂ ಹೋಯಿತು, ನನ್ನದೂ ಹೋಯಿತು" ಅಂದ.

ಎಲ್ಲರೂ ಅವನ ಹಾಗೆ ಇರುವುದಿಲ್ಲ. ಅರ್ಧ ಪಾಲಿನ ದೊಡ್ಡ ತೊಂದರೆ ಇಲ್ಲೇ ಇದೆ, ಇದನ್ನು ನಿಮ್ಮ ಭಾವ ಹೇಳಿಲ್ಲ. ಮರ ನಿಮ್ಮದು, ಟ್ಯಾಪರಿಗೆ ಬೇಕಾದದ್ದು ಈ ತಿಂಗಳ ಹಾಲು. ದಿನಾ ಕಡಿದರೆ, ಆಳಕ್ಕೆ ಕಡಿದರೆ ಈ ವರ್ಷ ಜಾಸ್ತಿ ಸಿಗುತ್ತದೆ. ನಿಮಗೂ ಅರ್ಧ ಜಾಸ್ತಿ ಬರುವುದರಿಂದ ನೀವೂ ಸುಮ್ನೆ ಇರುತ್ತೀರಿ. ಆರು ವರ್ಷ ಬರಬೇಕಾದ ಪಟ್ಟೆ, ಅಂದರೆ ಕಡಿಯಲು ಇರುವ ಸಿಪ್ಪೆಯ ಭಾಗ, ಮೂರೇ ವರ್ಷಕ್ಕೆ ಮುಗಿಯುತ್ತದೆ, ಕಡಿತ ಮರಕ್ಕೆ ತಾಗಿದ ಕಡೆ ಗಂಟು ಕಟ್ಟಿ ಹೊಸ ಸಿಪ್ಪೆಯೂ ಸರಿ ಬರುವುದಿಲ್ಲ. ಅಂಥ ತೋಟ ಆ ಹಳ್ಳಿಯಲ್ಲೇ ಬೇಕಾದಷ್ಟಿತ್ತು. ಆದ್ದರಿಂದ ವರ್ಷದ ಮೊದಲೇ ಮರಕ್ಕೆ ಬಣ್ಣದಿಂದ ಗುರುತು ಹಾಕಿ. ಒಂದು ದಿನ ಬಿಟ್ಟು ಒಂದು ದಿನ ಟ್ಯಾಪಿಂಗ್ ಆದರೆ ವರ್ಷಕ್ಕೆ ಸುಮಾರು 25 ಸೆಂಟಿಮೀಟರ್ ಪಟ್ಟೆ ಸಾಕು. ಗುರುತು ದಾಟಿದರೆ ಆ ಮರಕ್ಕೆ ಆ ವರ್ಷ ರಜೆ. ಇದನ್ನು ಮಾತಿನ ಮೊದಲ ದಿನವೇ ಹೇಳಬೇಕು. ಮಧ್ಯದಲ್ಲಿ ಹೇಳಿದರೆ ಜಗಳ ಆಗುತ್ತದೆ.

ಮತ್ತೊಂದು, ನಿಮಗೆ ಜನ ಯಾಕೆ ಸಿಗುತ್ತಿಲ್ಲ ಅಂತ ಲೆಕ್ಕ ಹಾಕಿ ನೋಡಿ. 400 ಮರವನ್ನು ಎರಡು ಭಾಗ ಮಾಡಿ ದಿನ ಬಿಟ್ಟು ದಿನ ಕಡಿದರೆ ದಿನಕ್ಕೆ 200 ಮರ. ಅದರ ಅರ್ಧ ಪಾಲಿನಲ್ಲಿ ಯಾರ ಮನೆಯೂ ನಡೆಯುವುದಿಲ್ಲ, ಅಲ್ವಾ? ಆ ಹುಡುಗ ಎರಡು ಮನೆಯ ತೋಟ ಹಿಡಿದಿದ್ದ. ಒಂದು ದಿನ ಇಡೀ ತೋಟ ಮಕ್‌ಚಿಕ್‌ದು, ಮರುದಿನ ಇಡೀ ತೋಟ ಅವರ ತಂಗಿಯದ್ದು. ಮರಕ್ಕೂ ರಜೆ ಸಿಕ್ಕಿತು, ಅವನಿಗೂ ದಿನಾ ಪೂರ್ತಿ ಕೆಲಸ ಸಿಕ್ಕಿತು. ನಿಮ್ಮ ಆಚೀಚೆ ಮನೆಯವರದ್ದೂ ಸಣ್ಣ ತೋಟ ಇರಬಹುದು. ಇಬ್ಬರೂ ಸೇರಿ ಒಬ್ಬನನ್ನು ಹುಡುಕಿ. ನನ್ನ ಮಟ್ಟಿಗೆ ನಿಮ್ಮ ಸಮಸ್ಯೆಗೆ ಅರ್ಧ ಪಾಲಿಗಿಂತ ಇದು ದೊಡ್ಡ ಪರಿಹಾರ.

ಹಾಲನ್ನು ಹಾಳೆಯ ಹಾಗೆ ಒತ್ತಿ ಒಣಗಿಸಿ ಶೀಟ್ ಮಾಡಬೇಕಾ, ಮರಕ್ಕೆ ಕಟ್ಟಿದ ಕಪ್ಪಿನಲ್ಲೇ ಗಟ್ಟಿಯಾಗಲು ಬಿಡಬೇಕಾ ಅಂತಲೂ ಕೇಳಿದ್ದೀರಿ. ಅಲ್ಲಿ ಹೆಚ್ಚಿನವರು ಈಗ ಶೀಟ್ ಬಿಟ್ಟಿದ್ದಾರೆ. ಕಪ್ಪಿನಲ್ಲಿ ಗಟ್ಟಿಯಾದ ಗಡ್ಡೆಯನ್ನೇ ಚೀಲಕ್ಕೆ ತುಂಬಿ ಮಾರುತ್ತಾರೆ. ನೀರಿನ ಅಂಶ ನೋಡಿ ಬೆಲೆ ಕಡಿಮೆ ಕೊಡುತ್ತಾರೆ ನಿಜ, ಆದರೆ ಮಿಷನ್, ಆಸಿಡ್, ಹೊಗೆಮನೆ ಯಾವ ತಲೆಬಿಸಿಯೂ ಇಲ್ಲ. ಪಾಲಿಗೆ ಕೊಡುವಾಗ ಇದೇ ಸುಲಭ. ತೂಕ ಅಂಗಡಿಯಲ್ಲಿ ಆಗಲಿ, ಚೀಟಿ ಎರಡು ಮಾಡಲಿ, ದುಡ್ಡೂ ಅಲ್ಲೇ ಎರಡಾಗಲಿ. ನಿಮ್ಮ ಕೈಯಿಂದ ಅವನಿಗೆ ಕೊಡುವುದು, ಅವನ ಕೈಯಿಂದ ನಿಮಗೆ ಬರುವುದು ಎರಡೂ ಬೇಡ.

ಹಳ್ಳಿಯವರು "ಆರಾಮ" ಇದ್ದಾರೆ ಅನ್ನುವುದಕ್ಕೂ ಒಂದು ಮಾತು. ರಬ್ಬರ್ ಒಂದನ್ನೇ ನಂಬಿ ಯಾರೂ ಬದುಕುತ್ತಿರಲಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರುವಾಗ ಹಾಲು ಇಳಿಯುತ್ತದೆ, ಮಳೆ ಬಂದರೆ ಆ ದಿನ ಖಾಲಿ. ಆಗೆಲ್ಲ ನಡೆಸುವುದು ಅಂಗಡಿಯ ಸಾಲ. 555 ಅಂತ ಮುಚ್ಚಳದ ಮೇಲೆ ಅಚ್ಚಾದ ಅಂಗೈಯಗಲದ ಪುಸ್ತಕ ಅಲ್ಲಿ ಪ್ರತಿ ಮನೆಯಲ್ಲೂ ಇತ್ತು. ಅಕ್ಕಿ, ಸಕ್ಕರೆ, ಒಣಮೀನು ಎಲ್ಲ ಅದರಲ್ಲಿ ಬರೆದು ತರುವುದು. ರಬ್ಬರ್ ಹಾಕಿದ ದಿನ ಗೆರೆ ಹೊಡೆಯುವುದು. ಮಲೇಷ್ಯಾದ ಉತ್ತರದ ಕೆಡಾ ರಾಜ್ಯದ ಭತ್ತದ ಊರುಗಳಲ್ಲಿ ಹಿಂದೆ ಇದಕ್ಕಿಂತ ಕಷ್ಟದ ಸಾಲ ಇತ್ತು. ಬಡ್ಡಿ ಧರ್ಮಕ್ಕೆ ವಿರುದ್ಧ ಆದ್ದರಿಂದ ಜುವಲ್ ಜಂಜಿ ಅಂತ ಷರತ್ತಿನ ಕ್ರಯ. ಇಂಥ ದಿನದೊಳಗೆ ದುಡ್ಡು ವಾಪಸ್ ಕೊಟ್ಟರೆ ಜಾಗ ನಿಮ್ಮದು, ಇಲ್ಲದಿದ್ದರೆ ಅವರದ್ದು. ಹೀಗೆ ಗದ್ದೆ ಕಳೆದುಕೊಂಡವರು ಬಹಳ. ಈಗ ಹೆಚ್ಚಿನ ಮನೆಗಳನ್ನು ನಿಲ್ಲಿಸಿರುವುದು ಪೇಟೆಯಲ್ಲಿ ಕೆಲಸ ಮಾಡುವ ಮಕ್ಕಳು ತಿಂಗಳು ತಿಂಗಳು ಕಳಿಸುವ ದುಡ್ಡು. ನಿಮ್ಮ ಭಾವ ನೋಡಿದ ಟೈಲ್ಸ್ ಹಾಕಿದ ಮನೆಗಳ ಹಿಂದೆ ಇರುವುದು ರಬ್ಬರ್ ಅಲ್ಲ, ಕ್ವಾಲಾಲಂಪುರದ ಸಂಬಳ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರ್ತೇನೆ. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ: ಜಾಗ ಅಪ್ಪನ ಹೆಸರಿನಲ್ಲೇ ಇದೆ.

ಕಟ್ಟಿನದ್ದಲ್ಲದ ಜಾಗ ಅಲ್ಲಿ ಷರಿಯತ್ ಪ್ರಕಾರ ಪಾಲಾಗುತ್ತದೆ, ಮಗನಿಗೆ ಎರಡು ಭಾಗ, ಮಗಳಿಗೆ ಒಂದು. ಒಂದೆರಡು ಎಕರೆಯನ್ನು ಹಾಗೆ ತುಂಡು ಮಾಡಲು ಆಗುವುದಿಲ್ಲ, ಎಲ್ಲರ ಹೆಸರೂ ಒಂದೇ ಹಕ್ಕುಪತ್ರಕ್ಕೆ ಏರುತ್ತದೆ. ಇಲ್ಲವೇ ಯಾರೂ ಅರ್ಜಿಯನ್ನೇ ಹಾಕದೆ ತೀರಿಹೋದವರ ಹೆಸರೇ ಉಳಿಯುತ್ತದೆ. ನಾನಿದ್ದ ಹಳ್ಳಿಯಲ್ಲಿ ಹಳೆಯ ರಬ್ಬರ್ ಕಡಿದು ಹೊಸದು ನೆಡಬೇಕಾದ ಒಂದು ತೋಟ ಇತ್ತು. ಅಲ್ಲಿ ಸಣ್ಣ ಬೆಳೆಗಾರರಿಗೆ ಮರುನಾಟಿಗೆ ಸರ್ಕಾರದ ಸಹಾಯಧನ ಇದೆ, 1973ರಲ್ಲಿ ಶುರುವಾದ ರಿಸ್ಡಾ ಅನ್ನುವ ಸಂಸ್ಥೆ ಆ ಕೆಲಸ ನೋಡುತ್ತದೆ. ಆದರೆ ಆ ತೋಟದ ದಾಯಾದಿಗಳು ಹನ್ನೊಂದು ಜನ, ನಾಲ್ಕು ಊರಲ್ಲಿ. ಒಬ್ಬರು ಬೇಕು ಅಂದರು, ಒಬ್ಬರು ತಾಳೆ ಹಾಕೋಣ ಅಂದರು, ಇಬ್ಬರು ಫೋನೇ ತೆಗೆಯಲಿಲ್ಲ. ನಾನು ಊರಿಗೆ ವಾಪಸ್ ಬರುವಾಗ ಅಲ್ಲಿ ಮರಕ್ಕಿಂತ ಬಳ್ಳಿಯೇ ಜಾಸ್ತಿ ಇತ್ತು. ಕೆಳಗಿನ ಬೈಲೂ ಹಾಗೇ. ಒಂದು ಕಾಲಕ್ಕೆ ಮುಯ್ಯಾಳು ಮಾಡಿ ನಾಟಿ ಮಾಡುತ್ತಿದ್ದ ಗದ್ದೆಗಳು ಹಡಿಲು ಬಿದ್ದು ಜೊಂಡು ಬೆಳೆದಿದ್ದವು. ಊರಿನಲ್ಲಿ ನಮ್ಮ ಮನೆಯ ಗದ್ದೆಯೂ ಹೀಗೇ ಹಡಿಲು ಬಿದ್ದದ್ದು, ಆದ್ದರಿಂದ ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತಿತ್ತು.

ಅದೇ ಹಳ್ಳಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಒಂದು ನೋಡಿದೆ. ಮಕ್‌ಚಿಕ್ ಮತ್ತು ಅವರ ಮೂವರು ಅಕ್ಕತಂಗಿಯರ ದುಸುನ್. ಪಾಲು ಮಾಡಿರಲಿಲ್ಲ. ಆದರೆ ಡುರಿಯನ್ ಸಮಯದಲ್ಲಿ ಸರದಿ ಇತ್ತು, ಗಿಲಿರನ್ ಅನ್ನುತ್ತಾರೆ. ಡುರಿಯನ್ ಕೊಯ್ಯುವುದಿಲ್ಲ, ಹಣ್ಣಾಗಿ ತಾನೇ ಬೀಳಬೇಕು, ಬೀಳುವುದು ಹೆಚ್ಚಾಗಿ ರಾತ್ರಿ. ತೋಟದಲ್ಲಿ ಸಣ್ಣ ಗುಡಿಸಲು, ಒಬ್ಬೊಬ್ಬರ ಮನೆಯವರಿಗೆ ಒಂದೊಂದು ರಾತ್ರಿ. ಅವತ್ತು ಬಿದ್ದದ್ದೆಲ್ಲ ಅವರದ್ದು. ಒಂದು ರಾತ್ರಿ ನಾನೂ ಕೂತಿದ್ದೆ. ಕತ್ತಲಲ್ಲಿ ಎಲೆ ಸೀಳಿದ ಸದ್ದು, ಹಿಂದೆಯೇ ಧಡ್ ಅಂತ ನೆಲಕ್ಕೆ. ಟಾರ್ಚ್ ಹಿಡಿದು ಹುಡುಗರು ಓಡುತ್ತಿದ್ದರು. ಯಾವತ್ತು ಯಾರ ಸರದಿ ಅನ್ನುವುದು ಆ ಮಕ್ಕಳಿಗೂ ಬಾಯಿಪಾಠ. ಬೇಲಿ ಕಟ್ಟುವುದು, ಹುಲ್ಲು ಹೊಡೆಯುವುದಕ್ಕೂ ಸರದಿ. ಜಂಟಿ ಜಾಗ ಹಾಳಾಗದೆ ಉಳಿದದ್ದು ನಾನು ಅದೊಂದೇ ನೋಡಿದ್ದು.

ಅದಕ್ಕೇ ಹೇಳ್ತೇನೆ ಅಣ್ಣ, ಟ್ಯಾಪರ್ ಹುಡುಕುವ ಮೊದಲು ಐದೂ ಜನ ಒಂದು ದಿನ ಕೂತುಕೊಳ್ಳಿ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನ ಬದಲು ವಾರಸುದಾರರ ಹೆಸರು ಏರಿಸಲು, ಅರ್ಜಿ ಹಾಕಿ. ಪಾಲು ಮಾಡುವ ಮನಸ್ಸು ಈಗ ಇಲ್ಲದಿದ್ದರೆ ಬೇಡ, ಆದರೆ ತೋಟ ಈ ಮೂರು ವರ್ಷ ಯಾರು ನೋಡಬೇಕು, ಖರ್ಚು ಕಳೆದು ಉಳಿದದ್ದು ಹೇಗೆ ಹಂಚಬೇಕು, ಆಮೇಲೆ ಯಾರ ಸರದಿ ಅಂತ ಬರೆದು ಐದೂ ಜನ ಸಹಿ ಹಾಕಿ. ಅಕ್ಕತಂಗಿಯರನ್ನು ಬಿಟ್ಟು ಬರೆಯಬೇಡಿ, ಕಾನೂನಿನಲ್ಲೂ ಅವರಿಗೆ ಸಮಪಾಲಿದೆ. ಟ್ಯಾಪರ್ ಜೊತೆ ಮಾಡುವ ಕಾಗದದಲ್ಲಿ ಗೇಣಿ, ಲೀಸ್ ಅನ್ನುವ ಶಬ್ದ ಬರದಿರಲಿ, ಕೂಲಿಯ ಬದಲು ಪಾಲು ಅಂತಲೇ ಇರಲಿ. ನಮ್ಮಲ್ಲಿ 1974ರ ಭೂಸುಧಾರಣೆಯ ನಂತರ ಗೇಣಿಗೆ ಕೊಟ್ಟ ಜಾಗ ಗೇಣಿದಾರರದ್ದೇ ಆದ ಕಥೆ ನಿಮ್ಮ ಊರಿನ ಹಿರಿಯರಿಗೆ ಗೊತ್ತಿದೆ. ಸಹಿಗೆ ಮೊದಲು ಆ ಕಾಗದ ಒಬ್ಬ ವಕೀಲರಿಗೆ ತೋರಿಸಿ.

ಕೊನೆಗೆ, ಪಟ್ಟೆ ಎಷ್ಟು ಉಳಿದಿದೆ ಅಂತ ನೀವು ಬರೆದಿಲ್ಲ. ನಾಲ್ಕೈದು ಮರದ ಫೋಟೋ ಹಾಕಿ, ಎರಡೂ ಬದಿ ಕಾಣುವ ಹಾಗೆ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಅದನ್ನು ನೋಡದೆ ಅರ್ಧ ಪಾಲು ಕೊಡಬಹುದಾ, ಇನ್ನೂ ಜಾಸ್ತಿ ಕೊಡಬೇಕಾ ಅಂತ ಹೇಳಲು ಆಗುವುದಿಲ್ಲ. ಹಳೆಯ ಮರವಾದರೆ ಅಲ್ಲೂ ಟ್ಯಾಪರಿಗೆ ಅರ್ಧಕ್ಕಿಂತ ಜಾಸ್ತಿಯೇ ಕೊಡುತ್ತಿದ್ದರು.